ವಾಟ್ಸಾಪ್ ಕೀಲಿಯೊಳಗಿನ 77 ಅಂಕಿ

ಮಿಶ್ರಿಕೋಟಿಯಿಂದ ಒಬ್ಬ ಹುಡುಗ ವಾಯ್ಸ್ ಮೆಸೇಜ್ ಕಳಿಸಿದ್ದ. "ಅಣ್ಣಾ, ಅಪ್ಪ ಹುಬ್ಬಳ್ಳಿ ಬ್ಯಾಂಕಿನ್ಯಾಗ ನಿಂತಾನ, ಪಾಸ್‌ಬುಕ್ ಮನ್ಯಾಗ ಬಿಟ್ಟು ಹೋಗ್ಯಾನ. ವಾಟ್ಸಾಪ್‌ನ್ಯಾಗ ಫೋಟೊ ಕಳಸಲೋ ಬ್ಯಾಡೋ? ಆ ಕೀಲಿ ಚಿತ್ರ ನಂಬಬಹುದಾ?"

ಆ ಕೀಲಿಯ ಒಳಗೆ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ ಕುಂತೈತಿ. 255 ಎರಡುಗಳನ್ನು ಒಂದಕ್ಕೊಂದು ಗುಣಿಸಿ, 19 ಕಳೀರಿ. 77 ಅಂಕಿಯ ಸಂಖ್ಯೆ ಬರ್ತದ. 1 ಮತ್ತು ತನ್ನನ್ನು ಬಿಟ್ಟರೆ ಯಾವುದರಿಂದಲೂ ಅದು ಪೂರ್ತಿ ಭಾಗ ಹೋಗೋದಿಲ್ಲ. ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞರು ಇದರ ಮೇಲೆ ಕಟ್ಟಿದ ಪದ್ಧತಿಯ ಹೆಸರು ಕರ್ವ್25519. ವಾಟ್ಸಾಪ್ 2016ರಲ್ಲಿ ಎಲ್ಲರ ಚಾಟಿಗೂ ಹಾಕಿದ ಕೀಲಿಯಲ್ಲಿ ಇದೇ ಇದೆ.

19 ಯಾಕ? ಬಸ್ಸಿನ್ಯಾಗ ಕುಂತೇ ಮಾಡಿ ನೋಡ್ರಿ. 97 ಅವಿಭಾಜ್ಯ, ನೂರಕ್ಕಿಂತ ಬರೀ 3 ಕಡಿಮೆ. 4258ನ್ನು 97ರಿಂದ ಭಾಗಿಸಿದರೆ ಶೇಷ ಎಷ್ಟು? ಭಾಗಾಕಾರ ಬ್ಯಾಡ. 42ನ್ನು 3ರಿಂದ ಗುಣಿಸಿ 58 ಕೂಡಿಸಿ: 184. ಮತ್ತೆ 1ನ್ನು 3ರಿಂದ ಗುಣಿಸಿ 84 ಕೂಡಿಸಿ: 87. ಮುಗೀತು. ಕಂಪ್ಯೂಟರ್ ಎರಡರಲ್ಲಿ ಎಣಿಸೋದರಿಂದ ಅದಕ್ಕೆ ಎರಡರ ಘಾತವೇ ನಮ್ಮ ನೂರು ಇದ್ದಂಗ. ಎರಡರ 255ನೇ ಘಾತಕ್ಕಿಂತ ಕೆಳಗೆ ಅತಿ ಹತ್ತಿರದ ಅವಿಭಾಜ್ಯ ಸಿಗೋದು 19 ಕಳೆದಾಗ. ಅಗ್ಗದ ಫೋನೂ ಈ ಲೆಕ್ಕವನ್ನು ಸರಾಗವಾಗಿ ಮಾಡ್ತದ.

ಅವಿಭಾಜ್ಯವೇ ಯಾಕೆ ಬೇಕು ಅಂದ್ರ, ಶೇಷಗಳ ಲೋಕದಲ್ಲೂ ಭಾಗಾಕಾರ ನಡೀಬೇಕು. 7ರ ಶೇಷದಲ್ಲಿ 3ನ್ನು 5ರಿಂದ ಗುಣಿಸಿದರೆ 15, ಅಂದರೆ ಶೇಷ 1. 6ರ ಶೇಷದಲ್ಲಿ 3ನ್ನು ಏನರಿಂದ ಗುಣಿಸಿದರೂ 0 ಇಲ್ಲಾ 3, ಎಂದೂ 1 ಬರಂಗಿಲ್ಲ. ಅಲ್ಲಿ 3ರಿಂದ ಭಾಗಿಸೋ ದಾರಿ ಬಂದ್.

ಅವಿಭಾಜ್ಯ ಹೌದೋ ಅಲ್ಲೋ ಅಂತ ಒಂದೊಂದಾಗಿ ಭಾಗಿಸಿ ನೋಡಲು ಹೋದರೆ ವಿಶ್ವದ ವಯಸ್ಸೂ ಸಾಲದು. ಭಾಗಿಸದೆ ತಿಳಿಯುವ ಪರೀಕ್ಷೆಗಳಿವೆ. ಯಾವ ಸಂಖ್ಯೆಗಾದರೂ ವೇಗವಾಗಿ, ಅನುಮಾನವಿಲ್ಲದೆ ಉತ್ತರ ಕೊಡುವ ವಿಧಾನವೊಂದನ್ನು 2002ರಲ್ಲಿ ಕೊಟ್ಟವರು ನಮ್ಮ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಅದರಾಗ ಇಬ್ಬರು ಆಗಷ್ಟೇ ಬಿ.ಟೆಕ್ ಮುಗಿಸಿದ ಹುಡುಗರು!

ಇನ್ನ ಕೀಲಿ. ನಿನ್ನ ಫೋನಿನಲ್ಲಿ ಒಂದು ಗುಟ್ಟಿನ ಸಂಖ್ಯೆ, ಅಪ್ಪನ ಫೋನಿನಲ್ಲಿ ಇನ್ನೊಂದು. ಎರಡೂ ಫೋನ್ ತಮ್ಮ ಗುಟ್ಟಿನಿಂದ ಲೆಕ್ಕ ಮಾಡಿ ಬಂದ ಉತ್ತರವನ್ನಷ್ಟೇ ಕಳಿಸ್ತಾವ. ಅವನ ಉತ್ತರಕ್ಕೆ ನಿನ್ನ ಗುಟ್ಟು, ನಿನ್ನ ಉತ್ತರಕ್ಕೆ ಅವನ ಗುಟ್ಟು ಸೇರಿಸಿದರೆ ಇಬ್ಬರಿಗೂ ಒಂದೇ ಕೀಲಿಕೈ. ಉತ್ತರದಿಂದ ಹಿಂದಕ್ಕೆ ಹೋಗಿ ಗುಟ್ಟು ಹಿಡಿಯೋದು ಇವತ್ತಿನ ಕಂಪ್ಯೂಟರಿಗೆ ಆಗದ ಕೆಲಸ.

ಹಂಗಾಗಿ ತಮ್ಮಾ, ಫೋಟೊ ಕಳಸು, ದಾರ್ಯಾಗ ಯಾರೂ ನೋಡಂಗಿಲ್ಲ. ಆದ್ರ ಅಪ್ಪನ ಫೋನಿಗೆ ಸ್ಕ್ರೀನ್ ಲಾಕ್ ಇಲ್ಲಂದ್ರ, ಇಲ್ಲಾ ಬ್ಯಾಂಕಿನವರು ಅಂತ ಹೇಳಿದವರಿಗೆ ಓಟಿಪಿ ಕೊಟ್ಟನಂದ್ರ, ಈ 77 ಅಂಕಿ ಏನೂ ಮಾಡಂಗಿಲ್ಲ. ಕೆಲಸ ಮುಗಿದ ಮ್ಯಾಲೆ ಗ್ಯಾಲರಿಯೊಳಗಿನ ಫೋಟೊನೂ ಅಳಸು ಅಂತ ಅಪ್ಪಗ ಹೇಳು.