ಒಂಬತ್ತನೇ ಚಿಪ್ ಯಾಕೆ?

ಮುಂಬೈನ ಆಂಟಾಪ್ ಹಿಲ್‌ನ ಗೋದಾಮೊಂದರಲ್ಲಿ ಲೆಕ್ಕ ಬರೆಯುವ ಓದುಗರೊಬ್ಬರು ಕೇಳಿದ್ದಾರೆ: ‘ಆಫೀಸಿನಲ್ಲಿ ಡೆಲ್ ಪವರ್‌ಎಡ್ಜ್ ಟಿ110 ಟವರ್ ಸರ್ವರ್ ಇದೆ. ನೋಡಲು ಮಾಮೂಲಿ ಸಿಪಿಯು ಡಬ್ಬದಂತೆಯೇ. ತೆಗೆದು ಒಂದು ಪಿಸಿ ಇಟ್ಟರಾಗದೇ?’

ಎಸಿ ಕೋಣೆ ಕೇಳದೆ ಮೇಜಿನ ಕೆಳಗೆ ಕೂತು ಟ್ಯಾಲಿ ನಡೆಸುವ ಬಡ ಸರ್ವರ್ ಇದು. ಹಿಂಬದಿಯಲ್ಲಿ ಸೀರಿಯಲ್ ಪೋರ್ಟ್ ಉಂಟು. ಲಾರಿ ತೂಗುವ ಕಾಂಟಾದ ಹಳೇ ಮೀಟರಿಗೆ ಅದೇ ಬೇಕು. ನನಗೆ ಮಾತ್ರ ಮೋಜೆನಿಸುವುದು ಒಳಗಿನ ರ‍್ಯಾಮ್ ಪಟ್ಟಿ. ಪಿಸಿಯ ಪಟ್ಟಿಯ ಒಂದು ಮಗ್ಗುಲಲ್ಲಿ ಸಾಮಾನ್ಯವಾಗಿ 8 ಚಿಪ್, ಇದರಲ್ಲಿ 9.

ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ನ್ಯೂಟ್ರಾನ್‌ಗಳು ಚಿಮ್ಮುತ್ತವೆ. ಅಪರೂಪಕ್ಕೆ ಒಂದು ರ‍್ಯಾಮ್‌ಗೆ ತಗುಲಿದರೆ 1 ಇದ್ದದ್ದು 0 ಆದೀತು. ನಿಮ್ಮ 5,000 ರೂಪಾಯಿಯ ಬಿಲ್ಲಿನಲ್ಲಿ ತಕ್ಕ ಜಾಗದ ಒಂದೇ ಬಿಟ್ ಮಗುಚಿದರೆ 4,096 ಮಾಯ, ಉಳಿಯುವುದು 904! ಬೆಲ್ಜಿಯಂನ ಸ್ಕಾರ್‌ಬೀಕ್‌ನಲ್ಲಿ 2003ರ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ ಸರಿಯಾಗಿ 4,096 ಮತ ಹೆಚ್ಚು ಬಿದ್ದಿತ್ತು. ಬಿಟ್ ಮಗುಚಿರಬೇಕೆಂಬುದು ತಜ್ಞರ ಅಂದಾಜು. ಕಿರಣದ್ದೇ ಕೆಲಸವೆಂದು ಸಾಬೀತಾಗಿಲ್ಲ.

ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯಕ್ಕೆ ಯಂತ್ರಕ್ಕೆ ಲೆಕ್ಕ ಹಚ್ಚಿ ಹೋದರೆ, ಅದು ತಪ್ಪು ಕಂಡೊಡನೆ ಕೆಲಸ ಕೈಬಿಡುತ್ತಿತ್ತು. ತಪ್ಪಾಯಿತೆಂದು ತಿಳಿಯುವ ಯಂತ್ರಕ್ಕೆ ಎಲ್ಲಿ ತಪ್ಪಿತೆಂದು ಏಕೆ ತಿಳಿಯಬಾರದು ಎಂದು ರೇಗಿದ ಆತ 1950ರಲ್ಲಿ ಉಪಾಯ ಪ್ರಕಟಿಸಿದ. ಖಾತೆ ಪುಸ್ತಕದಲ್ಲಿ ಅಡ್ಡ ಕೂಡಿ, ಉದ್ದ ಕೂಡಿ ನೋಡಿದರೆ ತಪ್ಪಿದ ಮನೆ ಸಿಕ್ಕಿಬೀಳುತ್ತದಲ್ಲ, ಹಾಗೆಯೇ. ಬಿಟ್‌ಗಳಲ್ಲಿ ಜಾಗ ಸಿಕ್ಕರೆ ಉತ್ತರವೂ ಸಿಕ್ಕಂತೆ: 0 ತಪ್ಪಾದರೆ 1, ಅಷ್ಟೇ. 64 ಬಿಟ್ಟಿಗೆ 7 ಕಾವಲು ಬಿಟ್ ಸಾಕು. ಎಂಟನೆಯದು ಎರಡೆರಡು ತಪ್ಪು ಒಟ್ಟಿಗೆ ಆದರೆ ಕೂಗಿ ಹೇಳಲು. ಈ ಎಂಟೂ ಕೂರುವುದು ಒಂಬತ್ತನೇ ಚಿಪ್ಪಿನ ಪಾಲಿನಲ್ಲಿ. ಹೀಗೆ ತಪ್ಪು ತಿದ್ದಿಕೊಳ್ಳುವ ವಿದ್ಯೆಗೇ ಇಸಿಸಿ ಎಂದು ಹೆಸರು.

ಇಂಥ ಯಂತ್ರಕ್ಕೆ ದೃಷ್ಟಿ ತಾಗೀತೆಂದು ನಿಂಬೆ-ಮೆಣಸಿನಕಾಯಿ ಕಟ್ಟುವವರಿದ್ದಾರೆ. ಕಟ್ಟಲಿ, ಮೆಣಸಿನಕಾಯಿ ದಂಡ, ಅಷ್ಟೆ. ದಸರಾದ ದಿನ ಗಾಳಿ ಜಾಲರಿಗೇ ಕುಂಕುಮ ಎರಚುತ್ತೀರಲ್ಲ ಮಹಾರಾಯರೇ, ಫ್ಯಾನ್ ಅದನ್ನು ಒಳಗೆಳೆದು ಹೀಟ್‌ಸಿಂಕ್‌ಗೆ ಮೆತ್ತುತ್ತದೆ! ಮೇಲೆ ಒಂದು ಬೊಟ್ಟಿಟ್ಟರೆ ಸಾಲದೇ?

ಬದಲಿಸುವುದೇ ಆದರೆ ಇಸಿಸಿ ರ‍್ಯಾಮ್ ಒಂದನ್ನೇ ಕೊಂಡರಾಗದು; ಪ್ರೊಸೆಸರ್, ಮದರ್‌ಬೋರ್ಡ್ ಎರಡೂ ಅದನ್ನು ಒಪ್ಪಬೇಕು, ಸಾಮಾನ್ಯ ಪಿಸಿಗಳಲ್ಲಿ ಹೆಚ್ಚಿನವು ಒಪ್ಪುವುದಿಲ್ಲ. ಡಿಸ್ಕ್ ಕೆಟ್ಟರೆ ಇಸಿಸಿ ಕಾಯದು, ಬ್ಯಾಕಪ್ ಬೇಕೇ ಬೇಕು. ಅಲ್ಲಿಯವರೆಗೆ ಹಳೆಯದರ ಲಾಗ್ ನೋಡುತ್ತಿರಿ: ಒಂದೇ ಸ್ಲಾಟಿನ ಹೆಸರು ಪದೇ ಪದೇ ಬಂದರೆ ಅದು ಆಕಾಶದ ಕಿರಣವಲ್ಲ, ಆ ಪಟ್ಟಿಯೇ ಕೆಡುತ್ತಿದೆ. ಬದಲಿಸಿ.