ರಾಕೆಟ್ಟು ನೂಕುವುದು ಯಾವುದನ್ನು?

ದಡವನ್ನು ಸಮೀಪಿಸಿದ ದೋಣಿಯಿಂದ ಒಬ್ಬನು ನೆಲಕ್ಕೆ ಹಾರುತ್ತಾನೆ. ಅವನು ಮುಂದಕ್ಕೆ ಹೋದಂತೆಯೇ ದೋಣಿಯು ಹಿಂದಕ್ಕೆ ಸರಿಯುತ್ತದೆ. ಕಾಲಿನಿಂದ ಅವನು ದೋಣಿಯನ್ನು ಎಷ್ಟು ಬಲದಿಂದ ನೂಕಿದನೋ ಅಷ್ಟೇ ಬಲದಿಂದ ದೋಣಿಯೂ ಅವನನ್ನು ನೂಕಿತು. ಪ್ರತಿಯೊಂದು ಕ್ರಿಯೆಗೂ ಸಮನಾದ ಮತ್ತು ವಿರುದ್ಧ ದಿಕ್ಕಿನ ಪ್ರತಿಕ್ರಿಯೆಯಿರುವುದೆಂದು ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟವಾದ ತಮ್ಮ ‘ಪ್ರಿನ್ಸಿಪಿಯ’ ಗ್ರಂಥದಲ್ಲಿ ನಿರೂಪಿಸಿದರು.

ಎರಡು ಬಲಗಳೂ ಸಮವಾಗಿದ್ದರೆ ಅವು ಒಂದನ್ನೊಂದು ಅಳಿಸಿಹಾಕಬೇಕಲ್ಲವೆ? ಇಲ್ಲ. ಒಂದು ಬಲವು ದೋಣಿಯ ಮೇಲೆ ವರ್ತಿಸುತ್ತದೆ, ಮತ್ತೊಂದು ಮನುಷ್ಯನ ಮೇಲೆ. ಬೇರೆ ಬೇರೆ ವಸ್ತುಗಳ ಮೇಲೆ ಬಿದ್ದ ಬಲಗಳು ಪರಸ್ಪರ ರದ್ದಾಗಲಾರವು.

ಇಷ್ಟು ಸರಳವಾದ ನಿಯಮದಲ್ಲಿ ತಿಳಿದವರೂ ಎಡವಿದ್ದುಂಟು. ರಾಕೆಟ್ಟಿನಿಂದ ಚಂದ್ರನನ್ನೂ ಮುಟ್ಟಬಹುದೆಂದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಗಾಡರ್ಡ್ ತಮ್ಮ ಪ್ರಬಂಧವೊಂದರಲ್ಲಿ ಸೂಚಿಸಿದ್ದರು. 1920ರ ಜನವರಿ 13ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಸಂಪಾದಕೀಯವು ಅವರನ್ನು ಗೇಲಿ ಮಾಡಿತು. ಗಾಳಿಯೇ ಇಲ್ಲದ ಶೂನ್ಯದಲ್ಲಿ ರಾಕೆಟ್ಟು ಯಾವುದನ್ನು ಒದ್ದು ಮುಂದೆ ಸಾಗೀತು? ಪ್ರೌಢಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ ಈ ಪ್ರಾಧ್ಯಾಪಕರಿಗೆ ಗೊತ್ತಿಲ್ಲವೆಂಬುದು ಅದರ ಧಾಟಿ.

ತಪ್ಪಿದ್ದುದು ಪತ್ರಿಕೆಯ ಕಡೆಯೇ. ರಾಕೆಟ್ಟು ಗಾಳಿಯನ್ನು ಒದ್ದು ಏರುವುದಿಲ್ಲ. ಅದರ ಒಡಲಿನಲ್ಲಿ ಇಂಧನವು ಉರಿದು ಅನಿಲವಾಗುತ್ತದೆ. ರಾಕೆಟ್ಟು ಆ ಅನಿಲವನ್ನು ಹಿಂದಕ್ಕೆ ನೂಕುತ್ತದೆ. ಅನಿಲವು ರಾಕೆಟ್ಟನ್ನು ಮುಂದಕ್ಕೆ ನೂಕುತ್ತದೆ. ನೂಕಾಟಕ್ಕೆ ಬೇಕಾದ ಎರಡು ವಸ್ತುಗಳು ಇವೇ. ಮೂರನೆಯದಾದ ಗಾಳಿಯು ಓಟಕ್ಕೆ ಅಡ್ಡಿಯಲ್ಲದೆ ಸಹಾಯವಲ್ಲ. ಬಂದೂಕವನ್ನು ಹಾರಿಸಿದವನ ಹೆಗಲಿಗೆ ಹಿಮ್ಮೆಟ್ಟು ತಾಗುವುದು ಗುಂಡು ಹೊರಟ ಕ್ಷಣದಲ್ಲಿಯೇ. ಅದು ಗೋಡೆಗೆ ಬಡಿಯುವವರೆಗೆ ಕಾಯುವುದಿಲ್ಲ. ಗಾಡರ್ಡರು ಇದನ್ನು ಬರಿಯ ಬಾಯಿಮಾತಿನಲ್ಲಿ ಹೇಳಿದವರಲ್ಲ. ಗಾಳಿಯನ್ನು ಹೊರತೆಗೆದ ಕೊಳವೆಗಳೊಳಗೆ ರಾಕೆಟ್ಟನ್ನು ಉರಿಸಿ, ಅದರ ನೂಕುಬಲವು ಅಲ್ಲಿಯೂ ಕುಗ್ಗದಿರುವುದನ್ನು ಅಳೆದು ನೋಡಿದ್ದರು. ವಿಚಿತ್ರವೆಂದರೆ, ಆ ಪ್ರಯೋಗಗಳ ವಿವರ ಪತ್ರಿಕೆಯು ಹಾಸ್ಯಮಾಡಿದ ಪ್ರಬಂಧದಲ್ಲಿಯೇ ಅಚ್ಚಾಗಿತ್ತು!

ಅಪಹಾಸ್ಯದಿಂದ ನೊಂದರೂ ಗಾಡರ್ಡರು ಕೆಲಸವನ್ನು ಬಿಡಲಿಲ್ಲ. 1926ರ ಮಾರ್ಚ್ 16ರಂದು ಮ್ಯಾಸಚೂಸೆಟ್ಸಿನ ಆಬರ್ನ್ ಎಂಬಲ್ಲಿ, ಪೆಟ್ರೋಲು ಮತ್ತು ದ್ರವ ಆಮ್ಲಜನಕವನ್ನು ಉರಿಸುವ ರಾಕೆಟ್ಟನ್ನು ಅವರು ಹಾರಿಸಿದರು. ಅದು ಏರಿದ್ದು ಸುಮಾರು 12 ಮೀಟರ್. ಹಾರಿದ್ದು ಎರಡೂವರೆ ಸೆಕೆಂಡು. ದ್ರವ ಇಂಧನದ ರಾಕೆಟ್ಟುಗಳಲ್ಲಿ ಅದೇ ಮೊದಲನೆಯದು.

1969ರ ಜುಲೈ 16ರಂದು ಅಪೋಲೋ 11 ನೌಕೆಯು ಮೂವರನ್ನು ಹೊತ್ತು ಚಂದ್ರನತ್ತ ಹೊರಟಿತು. ಮರುದಿನ ಅದೇ ಪತ್ರಿಕೆಯು ಚಿಕ್ಕದೊಂದು ತಿದ್ದುಪಡಿಯನ್ನು ಅಚ್ಚುಮಾಡಿ, ರಾಕೆಟ್ಟು ಶೂನ್ಯದಲ್ಲಿಯೂ ಕೆಲಸಮಾಡಬಲ್ಲದೆಂದು ಒಪ್ಪಿಕೊಂಡು ವಿಷಾದಿಸಿತು. ಅದನ್ನು ಓದಲು ಗಾಡರ್ಡರು ಇರಲಿಲ್ಲ. ಅವರು 1945ರಲ್ಲಿಯೇ ತೀರಿಕೊಂಡಿದ್ದರು.