ಊರಲ್ಲೇ ಕೂತು ಬೀಟ್ ಕಟ್ಟಿದರೆ ಹೊಟ್ಟೆ ತುಂಬೀತೇ?

ನಮ್ಮ ಕರಾವಳಿಯ ಎಷ್ಟೋ ದೇವಸ್ಥಾನಗಳಲ್ಲಿ ಸಂಜೆಯ ಮಂಗಳಾರತಿಗೆ ಈಗ ನಗಾರಿ ಬಾರಿಸುವುದು ಕರೆಂಟಿನ ಮೋಟಾರು. ಸ್ವಿಚ್ ಒತ್ತಿದರೆ ಗಂಟೆ, ಜಾಗಟೆ, ನಗಾರಿ ಒಂದೇ ಲಯದಲ್ಲಿ ಹೊರಡುತ್ತವೆ. ಯಕ್ಷಗಾನದಲ್ಲಿ ಪುಂಗಿಯ ಜಾಗಕ್ಕೆ ಹಾರ್ಮೋನಿಯಂ ಬಂದಿತ್ತು. ಈಗ ಭಾಗವತರ ಮಗ್ಗುಲಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೂತಿದೆ. ಇಂಥ ಪೆಟ್ಟಿಗೆಗಳನ್ನು ದೇಶದ ಮನೆಮನೆಗೆ ತಲುಪಿಸಿದವರಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಮತ್ತು ಅವರ ರೇಡೆಲ್ ಸಂಸ್ಥೆಯ ಹೆಸರು ದೊಡ್ಡದು. ಹೀಗಿರುವಾಗ ಯಂತ್ರದ ನಾದ ಕರಾವಳಿಯ ಶಿರಾಲಿಯಂಥ ಊರಿಗೆ ಹೊಸತೇನಲ್ಲ. ಅದನ್ನೇ ಕಸುಬು ಮಾಡಿಕೊಳ್ಳುತ್ತೇನೆ ಎನ್ನುವ ಹುಡುಗ ಮಾತ್ರ ಇನ್ನೂ ಹೊಸಬ. ಲ್ಯಾಪ್‌ಟಾಪ್ ಮುಂದೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂತವನನ್ನು ಮನೆಯ ಹಿರಿಯರು ಕೇಳುವುದು ಒಂದೇ ಪ್ರಶ್ನೆ: "ಎಲ್ಲ ಸರಿ ಮಾರಾಯ, ಹೊಟ್ಟೆಪಾಡಿಗೆಂತ ಮಾಡ್ತೆ?"

ಆ ಪ್ರಶ್ನೆಯನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ಕೇಳುವವರಿಗೆ ಸಂಗೀತದ ಮೇಲೆ ಸಿಟ್ಟಿಲ್ಲ, ಮಗನ ಮೇಲೆ ಕಾಳಜಿಯಿದೆ.

ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಶಿರಾಲಿಯಿಂದ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟರೆ ಭಟ್ಕಳ, ಶಿರೂರು, ಬೈಂದೂರು ಕಳೆದು ಕುಂದಾಪುರ. ಅಲ್ಲಿಂದ ತುಸು ಒಳಕ್ಕೆ ಬಸ್ರೂರು. ಒಂದು ಕಾಲದ ಬಂದರು ಪಟ್ಟಣ, ಶಿವಾಜಿಯ ಹಡಗುಗಳು 1665ರಲ್ಲಿ ಬಂದು ಕೊಳ್ಳೆ ಹೊಡೆದ ಊರು. ಆ ಊರಿನ ಹೆಸರು ಇವತ್ತು ದೇಶಕ್ಕೆಲ್ಲ ಗೊತ್ತಿರುವುದು ರವಿ ಬಸ್ರೂರು ಅವರಿಂದ. ಹುಟ್ಟುಹೆಸರು ಕಿರಣ್, ಕುಲಕಸುಬು ಕುಲುಮೆಯದು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಕೀಬೋರ್ಡ್ ಕೊಳ್ಳಲು ಹಣ ಕೊಟ್ಟ ಉಪಕಾರಿಯ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ. 2014ರ 'ಉಗ್ರಂ', 2018ರ 'ಕೆಜಿಎಫ್', 2022ರ ಅದರ ಎರಡನೇ ಭಾಗ, 2023ರ 'ಸಲಾರ್' ಎಲ್ಲರಿಗೂ ಗೊತ್ತು. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವರು ಅಪ್ಪನ ಕುಲುಮೆಯಲ್ಲಿ ಕೂತು ಕೆಲಸ ಮಾಡಿದ ವಿಡಿಯೊ ಆಗ ಮೊಬೈಲಿನಿಂದ ಮೊಬೈಲಿಗೆ ಹಾರಿತ್ತು. ಅವರ ಸ್ಟುಡಿಯೊ ಇರುವುದೂ ಬಸ್ರೂರಿನಲ್ಲೇ. ಕುಂದಾಪ್ರ ಕನ್ನಡದಲ್ಲಿ 'ಗರ್ಗರ್ ಮಂಡಲ', 'ಬಿಲಿಂಡರ್' ಎಂಬ ಸಿನಿಮಾಗಳನ್ನೂ ಮಾಡಿದರು.

'ಕೆಜಿಎಫ್' ರೀ-ರೆಕಾರ್ಡಿಂಗಿನಲ್ಲಿ ಲೋಹಕ್ಕೆ ಲೋಹ ಬಡಿಯುವ ಸದ್ದು ಕೇಳಿದಾಗಲೆಲ್ಲ ನನಗೆ ಕಾಣುವುದು ಅಡೆಗಲ್ಲು ಮತ್ತು ಸುತ್ತಿಗೆ. ಅವರು ಹಾಗೆ ಅಂದುಕೊಂಡೇ ಮಾಡಿದರೋ ಇಲ್ಲವೋ, ಕುಲುಮೆಯ ಪಕ್ಕ ಬೆಳೆದ ಕಿವಿಗೆ ಆ ಲಯ ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ.

ಹಿಂದೆ ಕನ್ನಡದ ಸಂಗೀತ ನಿರ್ದೇಶಕರು ಮದ್ರಾಸಿಗೆ ಹೋಗಿ, ಹತ್ತಾರು ವಾದ್ಯಗಾರರನ್ನು ಒಂದೇ ಹಾಲ್‌ನಲ್ಲಿ ಕೂರಿಸಿ ರೆಕಾರ್ಡ್ ಮಾಡಿಸಬೇಕಿತ್ತು. ಈಗ ಫೈಲ್ ಕಳಿಸಿದರಾಯಿತು. ಹಳ್ಳಿಯಲ್ಲಿ ಕೂತು ದೊಡ್ಡ ಸಿನಿಮಾಕ್ಕೆ ಕೆಲಸ ಮಾಡಬಹುದೆಂಬುದು ಬಸ್ರೂರಿನಲ್ಲಿ ರುಜುವಾತಾಗಿದೆ. ಆದರೆ 'ಕೆಜಿಎಫ್' ಎಲ್ಲರ ಬಾಗಿಲಿಗೂ ಬರುವುದಿಲ್ಲ. ನಮ್ಮ ಹುಡುಗರು ಗಮನಿಸಬೇಕಾದ್ದು ಆ ಗೆಲುವಿಗೆ ಮುಂಚಿನ ಕಾಲವನ್ನು: ಬೇರೆ ಸಂಗೀತ ನಿರ್ದೇಶಕರಿಗೆ ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡಿಕೊಟ್ಟ ವರ್ಷಗಳನ್ನು. ಎಲೆಕ್ಟ್ರಾನಿಕ್ ಸಂಗೀತವನ್ನೇ ನಂಬಿ ಬದುಕುವ ಬಹುಪಾಲು ಜನರ ಅನ್ನ ಇರುವುದು ಅಲ್ಲೇ. ಇನ್ನೊಬ್ಬರ ರಾಗಕ್ಕೆ ತಾಳ ಕಟ್ಟುವುದು, ಭಕ್ತಿಗೀತೆಗೆ ಟ್ರ್ಯಾಕ್ ಮಾಡುವುದು, ರಸಮಂಜರಿಯಲ್ಲಿ ಪ್ಯಾಡ್ ಬಾರಿಸುವುದು, ಜಾಹೀರಾತಿಗೆ ಮೂವತ್ತು ಸೆಕೆಂಡಿನ ಸಂಗೀತ ಕೊಡುವುದು, ಮಿಕ್ಸಿಂಗ್, ಮಕ್ಕಳಿಗೆ ಕೀಬೋರ್ಡ್ ಪಾಠ. ಮಳೆ ಹಿಡಿದರೆ ರಸಮಂಜರಿಯಿಲ್ಲ, ಮದುವೆಗಳೂ ಕಡಿಮೆ. ಇದ್ದದ್ದರಲ್ಲಿ ಆ ನಾಲ್ಕು ತಿಂಗಳು ದಾಟಬೇಕು.

ಚರಣ್‌ಜಿತ್ ಸಿಂಗ್ ಅವರ ಕಥೆ ಇಲ್ಲಿ ನೆನಪಾಗುತ್ತದೆ. ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದವರು. 1982ರಲ್ಲಿ ರೋಲೆಂಡ್ ಕಂಪನಿಯ ಮೂರು ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ಕೂರಿಸಿ ಒಂದು ರೆಕಾರ್ಡ್ ತಂದರು. ಆಗ ಅದನ್ನು ಕೇಳಿದವರು ಕಡಿಮೆ. ಅಮೆರಿಕದ ಶಿಕಾಗೊದಲ್ಲಿ 'ಆ್ಯಸಿಡ್ ಹೌಸ್' ಎಂಬ ಸಂಗೀತ ಹುಟ್ಟಿದ್ದು ಅದಾಗಿ ಕೆಲವು ವರ್ಷಗಳಿಗೆ. 2010ರಲ್ಲಿ ಹಾಲೆಂಡಿನ ಲೇಬಲ್ ಒಂದು ಆ ರೆಕಾರ್ಡನ್ನು ಮತ್ತೆ ಹೊರತಂದಾಗ, ಇವರು ಇದನ್ನು ಮೊದಲೇ ಮಾಡಿದ್ದರಲ್ಲ ಎಂದು ಜಗತ್ತು ಬೆರಗಾಯಿತು. ನಡುವಿನ 28 ವರ್ಷ ಅವರ ಮನೆ ನಡೆದದ್ದು ಆ ರೆಕಾರ್ಡಿನಿಂದಲ್ಲ, ಸಿನಿಮಾದ ಸೆಷನ್ನುಗಳಿಂದ, ಪಾರ್ಟಿಗಳಲ್ಲಿ ನುಡಿಸಿದ್ದರಿಂದ. 2015ರಲ್ಲಿ ತೀರಿಕೊಂಡರು.

ಈಗಿನ ಹುಡುಗರ ಕಣ್ಣಿರುವುದು ಸ್ಟ್ರೀಮಿಂಗ್ ಮೇಲೆ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರುವರಿಯಲ್ಲಿ. ಯಾರು ಬೇಕಾದರೂ ಹಾಡು ಏರಿಸಬಹುದು, ನಿಜ. ಆದರೆ 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಟ್ರ್ಯಾಕಿಗೆ ಪೈಸೆಯೂ ಹುಟ್ಟುವುದಿಲ್ಲ. ಸಾವಿರ ದಾಟಿದರೂ ಬರುವುದು ಚಿಲ್ಲರೆ. ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್‌ನಂಥ ಅಂಗಡಿ ಮೇಲು; ಅದು ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ಇಟ್ಟುಕೊಂಡು, ಪಾವತಿ ಶುಲ್ಕ ಕಳೆದು ಉಳಿದದ್ದನ್ನು ಕೊಡುತ್ತದೆ. ಶಿರಾಲಿಯ ಚಿತ್ರಾಪುರ ಸ್ಟೇಷನ್ನಿನ ಮುಂದೆ ಹಾಯುವ ಕೊಂಕಣ ರೈಲಿನ ಹಾದಿಯಲ್ಲೇ ಗೋಕರ್ಣವಿದೆ, ಗೋವಾ ಇದೆ. ರಾತ್ರಿಯ ಡಿಜೆ ಕೆಲಸಕ್ಕೆ ಅಲ್ಲಿ ಮಾರುಕಟ್ಟೆಯೂ ಇದೆ. ಹೋಗುವವರು ಹೋಗಲಿ. ಆದರೆ ಬೇರೆಯವರ ಹಾಡು ನುಡಿಸಿ ಬರುವ ಹಣ ಆ ರಾತ್ರಿಗೇ ಮುಗಿಯುತ್ತದೆ. ಬೆಳೆಯುವ ಹಣ ಬೇರೆ ಕಡೆಯಿದೆ, ನಮ್ಮವರು ಕಣ್ಣು ಹಾಯಿಸದ ಕಡೆ.

ಅದು ಕಾಗದದ ಮೇಲಿದೆ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. ಅದರ ಪ್ರಕಾರ ಸಿನಿಮಾ ಹಾಡಿನ ಸಾಹಿತಿ ಮತ್ತು ಸಂಗೀತ ಸಂಯೋಜಕರು, ಆ ಹಾಡು ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ಅಲ್ಲದೆ ಬೇರೆಲ್ಲಿ ಬಳಕೆಯಾದರೂ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯಬೇಕು. ಆ ಹಕ್ಕನ್ನು ಕಂಪನಿಗೆ ಬರೆದುಕೊಡುತ್ತೇನೆಂದರೂ ಬರೆದುಕೊಡಲು ಬರುವುದಿಲ್ಲ. ಸಿನಿಮಾದ್ದಲ್ಲದ ಹಾಡಿಗೂ ಇಂಥದೇ ರಕ್ಷಣೆಯಿದೆ. ಸಂಯೋಜಕ ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ, ಕೃತಿಸ್ವಾಮ್ಯ ಜೀವಂತ. ಈ ಹಣ ಸಂಗ್ರಹಿಸಿ ಹಂಚಲು 1969ರಿಂದ ಮುಂಬೈಯಲ್ಲಿ ಐಪಿಆರ್‌ಎಸ್ ಎಂಬ ಸಂಸ್ಥೆಯಿದೆ. ಸದಸ್ಯನಾಗಿ, ತನ್ನ ಒಂದೊಂದು ಹಾಡನ್ನೂ ತನ್ನ ಹೆಸರಿನಲ್ಲಿ ದಾಖಲಿಸಬೇಕು. ದಾಖಲಿಸದವನನ್ನು ಹಣ ಹುಡುಕಿಕೊಂಡು ಬರುವುದಿಲ್ಲ.

ನನ್ನ ಸಂಕಟ ಇರುವುದು ಇಲ್ಲಿ. ಸಾಹಿತಿ, ಸಂಯೋಜಕ, ಹಾಡುಗಾರನಿಗೆ ಕಾನೂನಿನಲ್ಲಿ ಜಾಗವಿದೆ. ಬೀಟ್ ಕಟ್ಟಿದ ಪ್ರೋಗ್ರಾಮರನಿಗೆ ಪ್ರತ್ಯೇಕ ಹೆಸರಿಲ್ಲ. ಎಷ್ಟೋ ಹಾಡುಗಳಲ್ಲಿ ಜನ ಕುಣಿಯುವುದು ಅವನ ಬೀಟಿಗೆ, ಆದರೆ ಅವನ ಕೈಸೇರುವುದು ಒಂದು ಸಲದ ಸಂಭಾವನೆ. ಅದಕ್ಕೇ ಕೆಲಸ ಒಪ್ಪಿಕೊಳ್ಳುವ ದಿನವೇ ಕೇಳಬೇಕು: ಇದರಲ್ಲಿ ನಾನು ಕೂಲಿಯೋ, ಸಹ-ಸಂಯೋಜಕನೋ? ಎರಡನೆಯದಾದರೆ ಪಾಲೆಷ್ಟು? ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಕೇಳಲು ನಾಚಿಕೆಯಾಗುತ್ತದೆ, ಗೊತ್ತು. ತೋಟದ ಗೇಣಿಗೆ ಕಾಗದ ಕೇಳುವ ನಾವು ಹಾಡಿಗೆ ಕೇಳಲು ನಾಚಬಾರದು.

ಇದೇ ಲೆಕ್ಕ ನಮ್ಮಿಂದ ಕೆಳಗೂ ಹೋಗಬೇಕು. ಶಿರಾಲಿಯ ಹುಡುಗನೊಬ್ಬ ಬರ್ಲಿನ್ನಿನವರಿಗಿಂತ ಬೇರೆಯಾಗಿ ಕೇಳಿಸುವುದು ಅವನ ಹಾರ್ಡ್‌ಡಿಸ್ಕಿನಲ್ಲಿ ಚಂಡೆ ಇರುವುದರಿಂದ, ದೋಣಿಯ ಎಂಜಿನ್ನಿನ ಟುಕುಟುಕು ಇರುವುದರಿಂದ, ಹಂಚಿನ ಮೇಲೆ ಬಿದ್ದ ಮಳೆಯ ಸದ್ದು ಇರುವುದರಿಂದ. ಎಂಜಿನ್ ಮತ್ತು ಮಳೆ ಯಾರದ್ದೂ ಅಲ್ಲ. ಚಂಡೆ ಮಾತ್ರ ಯಾರೋ ಒಬ್ಬರು ಜೀವಮಾನವಿಡೀ ಬಾರಿಸಿ ಪಳಗಿಸಿಕೊಂಡ ಕೈ. ಆ ಕೈಗೂ ಕಾನೂನು ಪ್ರದರ್ಶಕನ ಹಕ್ಕು ಕೊಟ್ಟಿದೆ. ಮಳೆ ಹಿಡಿಯುವ ಮುಂಚೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಚಂಡೆಯವರು ಮನೆಗೆ ಬರುತ್ತಾರೆ. ರೆಕಾರ್ಡರ್ ಹಿಡಿದು ಅವರ ಜಗಲಿಗೆ ಹೋಗುವಾಗ ಸಂಭಾವನೆಯ ಜೊತೆ ಒಂದು ಬಿಳಿ ಹಾಳೆಯನ್ನೂ ಒಯ್ಯಬೇಕು. ಅದರಲ್ಲಿ ಮೊದಲು ಬರೆಯಬೇಕಾದ್ದು ಅವರ ಹೆಸರು.